ದರಕು ಗುಡಿಸಿದ ಬೆಟ್ಟದಲ್ಲಿ ನೀರಿನ ದಾರಿ

ಶಿರಸಿ ಸೀಮೆಯ ಸೊಪ್ಪಿನ ಬೆಟ್ಟ ದೂರಕ್ಕೆ ಕಾಡಿನಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಎಷ್ಟೋ ಕಡೆ ಮರದ ಬುಡದ ನೆಲ ಬೋಳು. ಕೊಟ್ಟಿಗೆಗೂ ಅಡಿಕೆ ತೋಟಕ್ಕೂ ಬೇಕಾದ ದರಕನ್ನು (ಉದುರಿದ ಒಣ ಎಲೆಯನ್ನು) ಬೇಸಿಗೆಯಲ್ಲೇ ಗುಡಿಸಿ ಒಯ್ದಿರುತ್ತಾರೆ. ಭೂಬಳಕೆಯ ನಕ್ಷೆಯಲ್ಲಿ ಮಾತ್ರ ಈ ಜಾಗಕ್ಕೂ ಅರಣ್ಯದ ಹಸಿರನ್ನೇ ಬಳಿದಿರುತ್ತದೆ. ಮೇಲ್ಹರಿವಿನ ಲೆಕ್ಕ ಎಡವುವುದು ಇಲ್ಲೇ ಎಂಬುದು ನನ್ನ ಅನುಮಾನ.

ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕರಾವಳಿ ಹಾಗೂ ಮಲೆನಾಡಿನ ಸಣ್ಣ ಹಳ್ಳಗಳನ್ನು ಅಳೆದು 2012 ಮತ್ತು 2013ರಲ್ಲಿ ಪ್ರಕಟಿಸಿದ ಅಂಕಿಗಳು ಈ ಅನುಮಾನಕ್ಕೆ ಇಂಬು ಕೊಡುತ್ತವೆ. ಸಹಜ ಕಾಡಿನಲ್ಲಿ ಬಿದ್ದ ಮಳೆಯಲ್ಲಿ ಹಳ್ಳ ಸೇರಿದ್ದು ಸುಮಾರು ಶೇ. 28, ಅಕೇಶಿಯಾ ತೋಪಿನಲ್ಲಿ ಶೇ. 33, ಹಾಳಾದ ಕಾಡಿನಲ್ಲಿ ಶೇ. 45. ಹಳ್ಳಕ್ಕೆ ನೀರು ಹೆಚ್ಚಿತಲ್ಲ ಎಂದು ಹಿಗ್ಗುವಂತಿಲ್ಲ. ಕರಾವಳಿಯಲ್ಲಿ ಅಂತರ್ಜಲಕ್ಕೆ ಇಂಗಿದ ಪಾಲು ಅದೇ ಕ್ರಮದಲ್ಲಿ ಇಳಿದಿದೆ: ಶೇ. 50, 46, 35. ಆಷಾಢದಲ್ಲಿ ಕೆಂಪಗೆ ಉಕ್ಕಿ ಹೋದ ನೀರು ಚೈತ್ರಕ್ಕೆ ಒದಗುವುದಿಲ್ಲ.

ಇವು ನೀರಿನ ಅಂಕಿಗಳು, ಮಣ್ಣಿನವಲ್ಲ. ಮಣ್ಣಿನ ಕತೆ ತಿಳಿಯಲು ನೆಲಕ್ಕೆ ಬಾಗಿ ನೋಡಬೇಕು. ದರಕಿಲ್ಲದ ಇಳಿಜಾರಿನಲ್ಲಿ ಒಂದೊಂದು ಹರಳುಕಲ್ಲೂ ಬೆರಳೆತ್ತರದ ಮಣ್ಣಿನ ಪೀಠದ ಮೇಲೆ ಕೂತಿರುತ್ತದೆ. ಕಲ್ಲಿನಡಿಯ ಮಣ್ಣು ಉಳಿದಿದೆ, ಸುತ್ತಲಿನದು ಸಿಡಿದು ಹೋಗಿದೆ. ಮರವಿದ್ದೂ ಹೀಗೇಕೆ? ಎಲೆಯ ತುದಿಯಲ್ಲಿ ನೀರು ಕೂಡಿ, ಮಳೆಯ ಹನಿಗಿಂತ ದಪ್ಪನಾಗಿ ತೊಟ್ಟಿಕ್ಕುತ್ತದೆ. ಏಳೆಂಟು ಮೀಟರ್ ಎತ್ತರದಿಂದ ಬಿದ್ದರೆ ಅದು ಪೂರ್ಣ ವೇಗಕ್ಕೆ ಹತ್ತಿರವಾಗಿರುತ್ತದೆ. ಆ ಪೆಟ್ಟು ತಿನ್ನಬೇಕಾದದ್ದು ದರಕು. ದರಕಿಲ್ಲದಿದ್ದರೆ ಮಣ್ಣಿನ ಕಣ ಒಡೆದು, ನುಣ್ಣನೆಯ ಪುಡಿ ರಂಧ್ರಗಳನ್ನು ಮೆತ್ತುತ್ತದೆ. ದನಗಳ ತುಳಿತ ಉಳಿದದ್ದನ್ನು ಮುಗಿಸುತ್ತದೆ. ಇಂಗದ ನೀರು ಮೇಲೇ ಹರಿದು ಆ ಪುಡಿಯನ್ನೂ ಹೊತ್ತೊಯ್ಯುತ್ತದೆ.

ಹಾಗೆಂದು ತೋಟಿಗರನ್ನು ದೂರುವುದು ಸುಲಭ. ಲೆಕ್ಕ ಅಷ್ಟು ಸರಳವಲ್ಲ. ಘಟ್ಟದ ಮೇಲೆ ಎಕರೆ ತೋಟಕ್ಕೆ ಸೊಪ್ಪು, ದರಕು ತರಲು 9 ಎಕರೆವರೆಗೂ ಬೆಟ್ಟದ ಸೌಲಭ್ಯವಿದೆ. ಅಲ್ಲಿ ಗುಡಿಸಿದ ದರಕು ಗೊಬ್ಬರವಾಗಿಯೋ ಹೊದಿಕೆಯಾಗಿಯೋ ತಗ್ಗಿನ ತೋಟದಲ್ಲಿ ಹರಡಿಕೊಳ್ಳುತ್ತದೆ. ತೋಟದ ಮಣ್ಣು ಜಡಿಮಳೆಗೂ ಜಗ್ಗದೆ ನಿಲ್ಲುವುದು ಬೆಟ್ಟದ ಆ ಹೊದಿಕೆಯಿಂದಲೇ. ಜಲಾನಯನವನ್ನು ಇಡಿಯಾಗಿ ಅಳೆಯುವವರು ಮರಗಳನ್ನು ಎಣಿಸಿದರೆ ಸಾಲದು. ದರಕಿನ ದಪ್ಪ ಎಷ್ಟು, ಗುಡಿಸಿದ್ದು ಯಾವ ತಿಂಗಳು, ಮೊದಲ ಮಳೆಗೆ ನೆಲದ ಮೇಲೆ ಎಷ್ಟು ಉಳಿದಿತ್ತು ಎಂಬ ಮೂರು ಕಾಲಂಗಳನ್ನೂ ತಮ್ಮ ಪುಸ್ತಕದಲ್ಲಿ ಗೀಚಿಕೊಳ್ಳಬೇಕು.