ವಲಸೆಯ ಮಕ್ಕಳ ಫುಟ್‌ಬಾಲ್: ಸೊಮಾಲಿ ಆಟಗಾರರ ಒಂದು ತಲೆಮಾರು

1991ರ ಜನವರಿಯಲ್ಲಿ ಸೊಮಾಲಿಯದ ಸರ್ವಾಧಿಕಾರಿ ಸಿಯಾದ್ ಬಾರ್ರೆಯ ಆಡಳಿತ ಉರುಳಿತು. ಅಂತರ್ಯುದ್ಧಕ್ಕೆ ಹೆದರಿ ಊರು ಬಿಟ್ಟ ಸೊಮಾಲಿ ಕುಟುಂಬಗಳು ಕೀನ್ಯಾದ ನಿರಾಶ್ರಿತರ ಶಿಬಿರಗಳಿಂದ ಹಿಡಿದು ನಾರ್ವೆ, ಬ್ರಿಟನ್, ಇಟಲಿ, ಅಮೆರಿಕದವರೆಗೆ ಚದುರಿಹೋದವು. ಆಗ ಹುಟ್ಟಿದ ಮಕ್ಕಳು ವೃತ್ತಿಪರ ಫುಟ್‌ಬಾಲ್ ಆಡುವ ವಯಸ್ಸಿಗೆ ಬರಲು ಹದಿನೆಂಟು ವರ್ಷವಾದರೂ ಬೇಕಲ್ಲ! 2009-10ರ ಸುಮಾರಿಗೆ ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ಸೊಮಾಲಿ ಹೆಸರುಗಳು ಒಟ್ಟೊಟ್ಟಿಗೆ ಕಾಣಿಸಿಕೊಂಡದ್ದು ಆಕಸ್ಮಿಕವೇನಲ್ಲ.

ಸೊಮಾಲಿಯದ ರಾಜಧಾನಿ ಮೊಗದಿಶುವಿನಲ್ಲಿ ಹುಟ್ಟಿದ ಅಯೂಬ್ ದಾವೂದ್ ಬಾಲ್ಯದಲ್ಲೇ ಹಳೆಯ ಆಳರಸರ ನಾಡಾದ ಇಟಲಿ ಸೇರಿದ. ಯುವೆಂಟಸ್‌ನ ಕಿರಿಯರ ತಂಡದಲ್ಲಿ ಗೋಲುಗಳ ಸುರಿಮಳೆಗರೆದು, 2009ರ ಮಾರ್ಚ್‌ನಲ್ಲಿ ಬೊಲೊನ್ಯಾ ವಿರುದ್ಧ ಹಿರಿಯರ ತಂಡದ ಪರ ಬದಲಿ ಆಟಗಾರನಾಗಿ ಇಳಿದ. ಮುಂದೆ ಅಲ್ಲಿ ನೆಲೆ ಸಿಗಲಿಲ್ಲ. ಕ್ರೊಟೋನೆ, ಹಂಗೆರಿಯ ಹೊನ್ವೇದ್ ಎಂದು ಕ್ಲಬ್‌ಗಳು ಬದಲಾಗುತ್ತ ಹೋದವು.

ಈ ತಲೆಮಾರಿನಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅಬ್ದಿಸಲಾಂ ಇಬ್ರಾಹಿಂ. ಹುಟ್ಟಿದ್ದು ಬುರಾವೊದಲ್ಲಿ, 1991ರಲ್ಲಿ; ಬೆಳೆದದ್ದು ನಾರ್ವೆಯಲ್ಲಿ. 2007ರಲ್ಲಿ, ಹದಿನಾರರ ಹರೆಯದಲ್ಲಿ, ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿ ಸೇರಿದ. ಮರುವರ್ಷವೇ ಅಬುಧಾಬಿಯ ಮಾಲೀಕರು ಆ ಕ್ಲಬ್ಬನ್ನು ಕೊಂಡರು. ಹಣದ ಹೊಳೆ ಹರಿಯಿತು, ಪ್ರತಿ ಜಾಗಕ್ಕೂ ಸಿದ್ಧ ತಾರೆಗಳು ಬಂದರು. ಮನೆಯಲ್ಲೇ ಬೆಳೆಸಿದ ಹುಡುಗರಿಗೆ ಬಾಗಿಲು ಕಿರಿದಾಯಿತು. 2010ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ವಿರುದ್ಧ ಆತ ಪ್ರೀಮಿಯರ್ ಲೀಗ್‌ಗೆ ಕಾಲಿಟ್ಟದ್ದೇನೋ ನಿಜ, ಆದರೆ ಆಮೇಲೆ ಸ್ಕನ್‌ಥೋರ್ಪ್, ನೆದರ್ಲೆಂಡ್ಸ್‌ನ ಎನ್‌ಇಸಿ ಎಂದು ಎರವಲು ಹೋಗುವುದೇ ಆಯಿತು.

ಸಿಟಿಯಲ್ಲಿ ನಿಲ್ಲಲಾಗದವನು ಎಂದು ಅವನನ್ನು ಬದಿಗಿಡುವವರುಂಟು. ಅದು ಸರಿಯಲ್ಲ. 2013ರಲ್ಲಿ ಸ್ಟ್ರೋಮ್ಸ್‌ಗೋಡ್ಸೆಟ್ ನಾರ್ವೆಯ ಲೀಗ್ ಗೆದ್ದಿತು. ಆ ಕ್ಲಬ್ಬಿಗೆ 1970ರ ನಂತರ ಒಲಿದ ಮೊದಲ ಪಟ್ಟ ಅದು. ಆ ತಂಡದ ಮಧ್ಯಾಂಗಣದಲ್ಲಿ ಅಬ್ದಿಸಲಾಂ ಇದ್ದ. ಗ್ರೀಸಿನ ಒಲಿಂಪಿಯಾಕೋಸ್ ಅವನನ್ನು ಕರೆಸಿಕೊಂಡದ್ದು ಅದರ ಮರುವರ್ಷ. ಬಳಿಕ ಮತ್ತೆ ನಾರ್ವೆಯ ವೀಕಿಂಗ್, ವೊಲೆರೆಂಗಾ. ಫುಟ್‌ಬಾಲ್‌ನಿಂದ ಅನ್ನ ಸಂಪಾದಿಸುವ ಬಹುತೇಕರ ಬದುಕು ಹೀಗೇ ಇರುತ್ತದೆ.

ಇಸ್ಲಾಂ ಫೆರೂಜ್‌ನ ಕಥೆಯಲ್ಲಿ ಆಟಕ್ಕಿಂತ ಕಾಗದಪತ್ರಗಳೇ ಮುಂದೆ. ಗ್ಲಾಸ್ಗೋದಲ್ಲಿ ಬೆಳೆಯುತ್ತಿದ್ದ ಈ ಸೊಮಾಲಿ ಹುಡುಗನ ಕುಟುಂಬಕ್ಕೆ ಗಡೀಪಾರಿನ ಭಯವಿತ್ತು. ಅವರ ಪರ ನಿಂತವರು ಸೆಲ್ಟಿಕ್ ಕ್ಲಬ್ಬಿನ ಟಾಮಿ ಬರ್ನ್ಸ್. ಬರ್ನ್ಸ್ ತೀರಿಕೊಂಡ ಬಳಿಕ ಅವರ ನೆನಪಿನ ಪಂದ್ಯದಲ್ಲಿ ಹದಿಮೂರರ ಫೆರೂಜ್ ಸೆಲ್ಟಿಕ್ ಅಂಗಿ ತೊಟ್ಟು ಆಡಿದ. ಐದು ವರ್ಷ ಸ್ಕಾಟ್‌ಲೆಂಡ್‌ನ ಶಾಲೆಯಲ್ಲಿ ಓದಿದವರಿಗೆ ಅವಕಾಶ ಕೊಡುವ ನಿಯಮದಿಂದಾಗಿ ಆ ದೇಶದ ಕಿರಿಯರ ತಂಡಕ್ಕೂ ಅರ್ಹನಾದ. 2011ರಲ್ಲಿ ಚೆಲ್ಸಿ ಸೇರಿದರೂ ಅಲ್ಲಿನ ಹಿರಿಯರ ತಂಡದ ಪರ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ.

ಅಮೆರಿಕದ ದಾರಿ ಬೇರೆ. ಕ್ಲಬ್ ಅಕಾಡೆಮಿಯ ಜೊತೆಗೆ ಅಲ್ಲಿ ಕಾಲೇಜು ಕೂಡ ಒಂದು ದಾರಿ. ಕೀನ್ಯಾದ ಶಿಬಿರದಲ್ಲಿ ಹುಟ್ಟಿದ ಸಿಯಾದ್ ಹಾಜಿಯನ್ನು ಕಾಲೇಜು ಆಟಗಾರರಿಗಾಗಿ ನಡೆದ 2019ರ ಮೇಜರ್ ಲೀಗ್ ಸಾಕರ್ ಆಯ್ಕೆಯಲ್ಲಿ ಸ್ಯಾನ್ ಹೋಸೆ ತಂಡ ಎರಡನೆಯ ಸರದಿಯಲ್ಲೇ ಆರಿಸಿಕೊಂಡಿತು.

ಇವರೆಲ್ಲರ ಆಟದಿಂದ ಸೊಮಾಲಿಯಕ್ಕೆ ಸಿಕ್ಕಿದ್ದೇನು? ಬಹುಕಾಲ ಏನೂ ಇಲ್ಲ. ಮೊಗದಿಶುವಿನ ಕ್ರೀಡಾಂಗಣ ವರ್ಷಗಟ್ಟಲೆ ಸೇನಾ ನೆಲೆಯಾಗಿತ್ತು, ಉಗ್ರ ಸಂಘಟನೆ ಅಲ್-ಶಬಾಬ್ ಕೈಯಲ್ಲೂ ಇತ್ತು. 2012ರಲ್ಲಿ ರಾಷ್ಟ್ರೀಯ ರಂಗಮಂದಿರದಲ್ಲಿ ನಡೆದ ಬಾಂಬ್ ದಾಳಿಗೆ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರೇ ಬಲಿಯಾದರು. ಯುರೋಪಿನಲ್ಲಿ ಬೆಳೆದ ಹುಡುಗ ನಾರ್ವೆಯನ್ನೋ ಸ್ಕಾಟ್‌ಲೆಂಡನ್ನೋ ಆರಿಸಿಕೊಂಡರೆ ಅವನನ್ನು ದೂರುವುದು ಹೇಗೆ?

2019ರ ಸೆಪ್ಟೆಂಬರ್‌ನಲ್ಲಿ ಸೊಮಾಲಿಯ ಜಿಂಬಾಬ್ವೆಯನ್ನು 1-0ಯಿಂದ ಸೋಲಿಸಿ ವಿಶ್ವಕಪ್ ಅರ್ಹತಾ ಸುತ್ತಿನ ತನ್ನ ಮೊದಲ ಗೆಲುವು ಕಂಡಿತು. ಆ ‘ತವರಿನ’ ಪಂದ್ಯ ನಡೆದದ್ದು ಜಿಬೂಟಿಯಲ್ಲಿ. ಹರಾರೆಯ ಮರುಪಂದ್ಯದಲ್ಲಿ 3-1ರಿಂದ ಸೋತು ಹೊರಬಿತ್ತು. ಮರುವರ್ಷ ಮೊಗದಿಶುವಿನ ಕ್ರೀಡಾಂಗಣ ದುರಸ್ತಿಯಾಗಿ ತೆರೆಯಿತು. ಫಿಫಾ ಕೂಡ ಆಟಗಾರರು ದೇಶ ಬದಲಿಸುವ ನಿಯಮವನ್ನು ಸಡಿಲಿಸಿತು. ಆದರೂ 2026ರ ವಿಶ್ವಕಪ್‌ನ ಅರ್ಹತಾ ಪಂದ್ಯಗಳನ್ನು ಸೊಮಾಲಿಯ ಪರದೇಶದ ಅಂಗಳಗಳಲ್ಲೇ ಆಡಬೇಕಾಯಿತು.