ಕಾರವಾರ ಕೊಲ್ಲಿಯಲ್ಲಿ ಯಾಟ್‌ಗೆ ಲಂಗರು: ನೆಮ್ಮದಿಯ ಜಾಗ ಹುಡುಕೋದು ಹೇಗೆ?

ಕಾರವಾರ: ಗೋವಾ ಕಡೆಯಿಂದ ಕೇರಳಕ್ಕೆ ಹೋಗುವ ಹಾಯಿದೋಣಿಗಳಿಗೆ ಕಾರವಾರ ಕೊಲ್ಲಿ ಒಳ್ಳೆಯ ತಂಗುದಾಣ. ಆದರೆ ಇಲ್ಲಿ ಸರಕು ಹಡಗು, ಟ್ರಾಲರ್, ಪರ್ಸೀನ್ ಬೋಟ್, ನಾಡದೋಣಿ ಎಲ್ಲವೂ ಒಂದೇ ನೀರಿನಲ್ಲಿ ಓಡಾಡುತ್ತವೆ. ಖಾಲಿ ಕಂಡ ಕಡೆ ಲಂಗರು ಬಿಟ್ಟರಾಯ್ತು ಅನ್ನುವ ಹಾಗಿಲ್ಲ. ಖಾಲಿ ಇದೆ ಅಂದರೆ ಸಾಮಾನ್ಯವಾಗಿ ಅದಕ್ಕೊಂದು ಕಾರಣ ಇರುತ್ತದೆ.

ಎಲ್ಲಿ ಬೇಡ?

* ಬೈತಖೋಲ್ ಬಂದರಿನ ಬಾಯಿ: ಹಡಗು ಬರುವ ದಾರಿ ಇದು. ಮೀನುಗಾರಿಕೆ ಬೋಟುಗಳು ರಾತ್ರಿ, ನಸುಕಿನಲ್ಲಿ ಹೊರಡುತ್ತವೆ. ಇಲ್ಲಿ ನಿಂತರೆ ನಿದ್ದೆಯೂ ಇಲ್ಲ, ದೋಣಿಗೆ ಸುರಕ್ಷತೆಯೂ ಇಲ್ಲ.
* ಟಾಗೋರ್ ಕಡಲತೀರದ ಹತ್ತಿರ: ನೋಡೋಕೆ ಶಾಂತ. ಆದರೆ ರಂಪಣಿ ಬಲೆ ಎಳೆಯೋದು ದಡಕ್ಕೇ. ನಿಮ್ಮ ಸರಪಳಿಗೆ ಬಲೆ ಸಿಕ್ಕಿ ಹರಿದರೆ ಹಲವು ಮನೆಗಳ ದಿನದ ದುಡಿಮೆ ಹೋಯಿತು ಅಂತಲೇ ಲೆಕ್ಕ.
* ಅರಗಾ, ಅಂಜುದೀವ್ ಕಡೆ: ಐಎನ್‌ಎಸ್ ಕದಂಬ ನೌಕಾನೆಲೆಯ ಪ್ರದೇಶ. ಆ ಕಡೆ ಸುಳಿಯಲೇಬಾರದು.
* ಕಾಳಿ ಅಳಿವೆ: ಮರಳದಿಬ್ಬ ಜಾಗ ಬದಲಿಸುತ್ತಿರುತ್ತದೆ, ಇಳಿತದಲ್ಲಿ ಸೆಳೆತವೂ ಜೋರು. ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿದ್ದು ಗೊತ್ತೇ ಇದೆ. ಊರಿನ ದೋಣಿಯವರನ್ನು ಕೇಳದೆ ಒಳಗೆ ಹೋಗಬೇಡಿ.

ಹಾಗಾದರೆ ಎಲ್ಲಿ?

ಮೊದಲು ಗಾಳಿ ನೋಡಿ. ಮಳೆಗಾಲ ಬಿಟ್ಟರೆ ಇಲ್ಲಿ ಬೆಳಗ್ಗೆ ದಡದ ಕಡೆಯಿಂದ ಗಾಳಿ, ಮಧ್ಯಾಹ್ನದ ಮೇಲೆ ಹೆಚ್ಚಾಗಿ ವಾಯವ್ಯದಿಂದ. ಅಂದರೆ ದಿನಕ್ಕೆ ಎರಡು ಸಲ ದೋಣಿ ಮುಖ ತಿರುಗಿಸುತ್ತದೆ. ಎರಡೂ ದಿಕ್ಕಿನಲ್ಲಿ ಜಾಗ ಬೇಕು. ವಾಯವ್ಯ ಗಾಳಿ ಇದ್ದಾಗ ಕೂರ್ಮಗಡ ದ್ವೀಪದ ಆಗ್ನೇಯ ಮಗ್ಗುಲು ಸ್ವಲ್ಪ ಮರೆ ಕೊಡುತ್ತದೆ. ಬಂಡೆಗಳಿವೆ, ದ್ವೀಪಕ್ಕೆ ತೀರಾ ಹತ್ತಿರ ಹೋಗಬೇಡಿ. ಜನವರಿ ಹೊತ್ತಿಗೆ ನರಸಿಂಹ ದೇವರ ಜಾತ್ರೆ ಇರುವ ದಿನ ದೋಣಿಗಳ ಸಾಲೇ ಇರುತ್ತದೆ, ಆವತ್ತು ಬೇರೆ ಜಾಗ ನೋಡಿ. ದಕ್ಷಿಣ, ನೈಋತ್ಯ ಗಾಳಿ ಬಂದರೆ ಬೈತಖೋಲ್ ಗುಡ್ಡದ ಮರೆಯೇ ವಾಸಿ. ಆದರೆ ಹಡಗಿನ ದಾರಿ ಬಿಟ್ಟು, ಬಂದರು ಕಚೇರಿ ತೋರಿಸಿದ ಕಡೆ ಮಾತ್ರ.

ಸರಪಳಿ ಎಷ್ಟು ಬಿಡಬೇಕು?

ಇಲ್ಲಿ ಹುಣ್ಣಿಮೆ-ಅಮಾವಾಸ್ಯೆ ಹೊತ್ತಿಗೆ ಉಬ್ಬರ-ಇಳಿತದ ಅಂತರ ಸುಮಾರು 2 ಮೀಟರ್. ಇಳಿತದಲ್ಲಿ ಆಳ 5 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ ಅಂದುಕೊಳ್ಳಿ. ಒಟ್ಟು 8 ಮೀಟರ್. ಸರಪಳಿ ಆದರೆ ಅದರ 5 ಪಟ್ಟು, ಅಂದರೆ 40 ಮೀಟರ್. ಹಗ್ಗ ಹೆಚ್ಚಿದ್ದರೆ 7 ಪಟ್ಟು, 56 ಮೀಟರ್. 10 ಮೀಟರ್ ಉದ್ದದ ದೋಣಿ ಸುತ್ತಲೂ 50-65 ಮೀಟರ್ ತಿರುಗಬಹುದು. ಅಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ನಿಲ್ಲಬೇಡಿ. ಲಂಗರು ಬಿಟ್ಟ ಮೇಲೆ ಎಂಜಿನ್ ನಿಧಾನಕ್ಕೆ ಹಿಂದಕ್ಕೆ ಓಡಿಸಿ. ದಡದ ಎರಡು ಗುರುತು ಹಿಡಿದು ದೋಣಿ ಜಾರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಇದನ್ನು ಮರೆಯಬೇಡಿ

* ರಾತ್ರಿ ಎಲ್ಲ ಕಡೆಯಿಂದ ಕಾಣುವ ಬಿಳಿ ದೀಪ, ಹಗಲಲ್ಲಿ ಮುಂಭಾಗದಲ್ಲಿ ಕಪ್ಪು ಚೆಂಡು. ಇದು ಅಂತಾರಾಷ್ಟ್ರೀಯ ನಿಯಮ.
* ಬರುವ ಮೊದಲೇ ಬಂದರು ಕಚೇರಿಗೆ ತಿಳಿಸಿ. ವಿಎಚ್‌ಎಫ್ ಚಾನೆಲ್ 16 ತೆರೆದಿಡಿ.
* ತುರ್ತಿಗೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.
* ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲೇ ಕಟ್ಟಿರುತ್ತವೆ, ಕಡಲೂ ಅಬ್ಬರದಲ್ಲಿರುತ್ತದೆ. ಯಾಟ್ ತರುವ ಕಾಲ ಅದಲ್ಲ.

ಕೊನೆಗೊಂದು ಮಾತು: ಸಂಜೆ ಬೆಳಕಿರುವಾಗಲೇ ಬನ್ನಿ. ಹತ್ತಿರದ ದೋಣಿಯವರಿಗೆ "ಇಲ್ಲಿ ಬಲೆ ಬಿಡ್ತೀರಾ, ಬೆಳಗ್ಗೆ ಯಾವ ಕಡೆ ಹೋಗ್ತೀರಾ?" ಅಂತ ಕೇಳಿ. ನಕ್ಷೆಯಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.