ಗಾಂಧಿನಗರದ ಡಬ್ಬ ಮತ್ತು ಸ್ಟ್ರೀಮಿಂಗ್ ಸರ್ವರು

ಕನ್ನಡ ಸಿನಿಮಾದವರ ಮಾತಿನಲ್ಲಿ ಗಾಂಧಿನಗರವೆಂದರೆ ಉದ್ಯಮವೇ. ಕೆಂಪೇಗೌಡ ರಸ್ತೆಯ ಟಾಕೀಸುಗಳ ಬೆನ್ನಿಗೆ ಹಂಚಿಕೆದಾರರ ಕಚೇರಿಗಳು. ಅಲ್ಲಿಂದ ಸಿನಿಮಾ ಹೊರಡುತ್ತಿದ್ದುದು ತಗಡಿನ ಡಬ್ಬಗಳಲ್ಲಿ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ. ಅಷ್ಟನ್ನೂ ಒಂದೇ ಸುರುಳಿಯಾಗಿ ಹೊರಲಾಗದು, ಆದ್ದರಿಂದ ರೀಲುಗಳು. ಒಂದೇ ಪ್ರಿಂಟನ್ನು ಎರಡು ಟಾಕೀಸುಗಳು ಹಂಚಿಕೊಂಡಾಗ ಇಲ್ಲಿ ಮುಗಿದ ರೀಲು ಸೈಕಲ್ಲೇರಿ ಅಲ್ಲಿಗೆ ಓಡುತ್ತಿತ್ತು. ಸೈಕಲ್ಲು ತಡವಾದರೆ ಪ್ರೇಕ್ಷಕರ ಸಿಳ್ಳೆ.

ಈ ಹಂಚಿಕೆಯ ಚರಿತ್ರೆ ನನ್ನ ಪಿಎಚ್‌.ಡಿ. ಸಂಶೋಧನೆಯ ಒಂದು ಭಾಗ. ಅದಕ್ಕಾಗಿ ದಾಖಲಿಸಿದ ಸಂದರ್ಶನಗಳನ್ನು ಜಾಲತಾಣದಲ್ಲಿ ಕೇಳಿಸಲೆಂದು ಮುಕ್ತ ತಂತ್ರಾಂಶದ ಸ್ಟ್ರೀಮಿಂಗ್ ಸರ್ವರುಗಳನ್ನು ಪರೀಕ್ಷಿಸುವಾಗ ಆ ಸೈಕಲ್ಲು ಮತ್ತೆ ಎದುರಾಯಿತು. 2009ರಲ್ಲಿ ಆಪಲ್ ಕಂಪನಿ ತಂದ ಎಚ್‌ಎಲ್‌ಎಸ್ ವಿಧಾನದಲ್ಲಿ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತಾರೆ. ಒಂದು ತುಂಡು ನೋಡಿ ಮುಗಿಸುವಷ್ಟರಲ್ಲಿ ಮುಂದಿನದು ಬಂದಿರಬೇಕು. ಬರದಿದ್ದರೆ ಪರದೆಯ ಮೇಲೆ ಸುತ್ತುವ ಚಕ್ರ. ಸಿಳ್ಳೆಗೆ ಜೊತೆಯಾಗಲು ಪಕ್ಕದಲ್ಲಿ ಯಾರೂ ಇಲ್ಲ, ಅಷ್ಟೇ.

ಸರ್ವರನ್ನು ಸಾಮಾನ್ಯವಾಗಿ ಅಳೆಯುವುದು ತಾಳಿಕೆಯಿಂದ. 64 ಕಿಲೋಬಿಟ್ಟಿನ ಮಾತನ್ನು ನೂರು ಜನ ಒಮ್ಮೆಲೇ ಕೇಳಿದರೆ ಸೆಕೆಂಡಿಗೆ 6.4 ಮೆಗಾಬಿಟ್, ಸಣ್ಣ ಬಾಡಿಗೆ ಸರ್ವರೂ ಸಾಕು. ಚರಿತ್ರೆ ಓದುವವನಿಗೆ ಬೇರೊಂದು ಪ್ರಶ್ನೆ: ಸರ್ವರು ನಿಂತ ಮರುದಿನ ಕೈಯಲ್ಲಿ ಏನು ಉಳಿಯುತ್ತದೆ? 1995ರಲ್ಲಿ ಬಂದ ರಿಯಲ್‌ಆಡಿಯೊ ಕಡತಗಳನ್ನು ಇಂದಿನ ಬ್ರೌಸರು ನೇರವಾಗಿ ನುಡಿಸುವುದಿಲ್ಲ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿಗೆ ಮಂಗಳ ಹಾಡಿತು. ಅದನ್ನೇ ನಂಬಿ ಕಟ್ಟಿದ ಪುಟಗಳು ಮೂಕವಾದವು. ‘ಎಂಬಿ’ ಹೆಸರಿನ ಸರ್ವರು 2018ರಲ್ಲಿ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡಾಗ, ಅದುವರೆಗೆ ಮುಕ್ತವಾಗಿದ್ದುದನ್ನು ಎತ್ತಿಕೊಂಡು ಸ್ವಯಂಸೇವಕರು ‘ಜೆಲ್ಲಿಫಿನ್’ ಕಟ್ಟಿದರು. ಮುಕ್ತ ಪರವಾನಗಿಯ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲಿ. ಪುಕ್ಕಟೆ ಎಂಬುದು ಅದರ ಸಣ್ಣ ಗುಣ.

ಆದರೂ ಸರ್ವರು ಭಂಡಾರವಾಗುವುದಿಲ್ಲ. ಗಾಂಧಿನಗರವೂ ಆಗಲಿಲ್ಲ. ಹಂಚಿಕೆದಾರನಿಗಿದ್ದುದು ಇಂತಿಷ್ಟು ಪ್ರದೇಶಕ್ಕೆ, ಇಂತಿಷ್ಟು ಕಾಲಕ್ಕೆ ಹಕ್ಕು. ಪ್ರಿಂಟು ಊರೂರು ತಿರುಗಿ ಗೀರು ಬಿದ್ದು ಸವೆಯುತ್ತಿತ್ತು. ಅದನ್ನು ಮುಂದಿನ ತಲೆಮಾರಿಗೆ ಕಾಪಿಡುವುದು ಅವನ ವ್ಯವಹಾರಕ್ಕೆ ಸೇರಿದ್ದಲ್ಲ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ನಿರ್ದೇಶಕರು ವೈ.ವಿ. ರಾವ್, ತೆರೆಯ ಮೇಲೆ ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ. ಇಷ್ಟೆಲ್ಲ ಗೊತ್ತು; ಚಿತ್ರ ಮಾತ್ರ ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದು 1964ರಲ್ಲಿ, ಮೂವತ್ತು ವರ್ಷ ತಡವಾಗಿ. ಈಗ ಡಬ್ಬದ ಬದಲು ಟಾಕೀಸಿಗೆ ಬೀಗ ಹಾಕಿದ ಡಿಜಿಟಲ್ ಕಡತ ಬರುತ್ತದೆ. ಕೀಗೂ ಅವಧಿ ಇದೆ. ಅದು ಮುಗಿದರೆ ಕಡತವಿದ್ದೂ ತೆರೆಯದು.

ಪರೀಕ್ಷಿಸಿದವುಗಳಲ್ಲಿ ಐಸ್‌ಕಾಸ್ಟ್ ರೇಡಿಯೊದಂಥ ನೇರಪ್ರಸಾರಕ್ಕೆ ಹೇಳಿ ಮಾಡಿಸಿದ್ದು. ಸಂದರ್ಶನ ಕೇಳುವವರಾದರೋ ಹಿಂದೆ ಸರಿಸಿ ಮತ್ತೆ ಕೇಳುವವರು. ಜೆಲ್ಲಿಫಿನ್ ಮನೆಯ ಸಂಗ್ರಹಕ್ಕೆ ಚೆನ್ನ. ಕೊನೆಗೆ ಆರಿಸಿದ್ದು ಸಾದಾ ವೆಬ್ ಸರ್ವರಾದ ಎಂಜಿನ್‌ಎಕ್ಸ್. ಮೂಲ ಧ್ವನಿ ಫ್ಲ್ಯಾಕ್ ರೂಪದಲ್ಲಿ ಎರಡು ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿದೆ. ಜಾಲತಾಣದಲ್ಲಿ ಅದರ ಹಗುರ ಪ್ರತಿ, ಪಕ್ಕದಲ್ಲೇ ಇಳಿಸಿಕೊಳ್ಳುವ ಗುಂಡಿ. ಜಾಲತಾಣ ಬೇಡವೆನ್ನುವ ಹಿರಿಯರಿಗೆ ಅವರ ಮಾತನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡುತ್ತಿದ್ದೇನೆ.